ಐದು ಸ್ಟಾರ್ ಬಿದ್ದ ದಿನ

ಗಣೇಶ ಚೌತಿಗೆ ಎರಡು ದಿನ ಇತ್ತು. ಧಾರವಾಡದ ಮಾಳಮಡ್ಡಿಯಿಂದ ಫೋನ್. ‘ತಮ್ಮಾ, ದೇವರ ಮನಿ ಚೌಕಟ್ಟಿಗೆ ಮತ್ತ ಒರಲಿ ಹತ್ಯದ. ನೀ ಹುಗದ ಡಬ್ಬಿ ಏನ್ ಮಾಡ್ಲಿಕ್ಕತ್ತಾವ?’

ಒರಲಿ ಅಂದರೆ ಗೆದ್ದಲು, ಅದನ್ನ ಮುಗಿಸೋದೇ ನನ್ನ ಕೆಲಸ. ಡಬ್ಬಿ ಕೆಲಸ ಮಾಡುತ್ತಲೇ ಇದ್ದವು. ಹಳೇ ಹೆಂಚಿನ ಮನೆ, ಸಾಗವಾನಿ ಕಂಬ. ಒಳಗೆ ಅಡಿಗೊಂದು ತೂತು ಹೊಡೆದು ಔಷಧ ಬಿಡೋ ಡ್ರಿಲ್ಲಿಂಗ್ ಬೇಡ ಅಂದಿದ್ದರು ಅಮ್ಮಾರು. ಅದಕ್ಕೇ ಜೂನ್‌ನಲ್ಲಿ ಮನೆ ಸುತ್ತ ಹತ್ತಡಿಗೆ ಒಂದರಂತೆ 14 ಸ್ಟೇಷನ್, ಅಂದರೆ ಒಳಗೆ ಕಟ್ಟಿಗೆ ಇಟ್ಟ ಡಬ್ಬಿ, ಹೂತಿದ್ದೆ. ಆರು ವಾರಕ್ಕೆ ನಾಲ್ಕನೇದರಲ್ಲಿ ಹಿಟ್ ಬಂತು, ಗೆದ್ದಲು ಹತ್ತಿತ್ತು. ಕಟ್ಟಿಗೆ ತೆಗೆದು ಕ್ಲೋರ್‌ಫ್ಲುವಾಜುರಾನ್ ಅನ್ನೋ ನಿಧಾನ ವಿಷ ಬೆರೆಸಿದ ಬೇಟ್ ತುಂಬಿದ್ದೆ. ತಿಂದ ಗೆದ್ದಲು ಅಲ್ಲೇ ಸಾಯಲ್ಲ, ಸಾಯಲೂಬಾರದು. ಗೂಡಿಗೆ ಹೋಗಿ ಉಳಿದವಕ್ಕೆ ಬಾಯಿಂದ ಬಾಯಿಗೆ ಉಣಿಸಬೇಕು. ಆಮೇಲೆ ಪೊರೆ ಬಿಡುವಾಗ ಹೊಸದು ಕಟ್ಟದೆ ಸಾಯುತ್ತವೆ. ತಿಂಗಳುಗಟ್ಟಲೆ ಹಿಡಿಯುತ್ತದೆ.

ಇದನ್ನ ಆಫೀಸಿನ ಆ್ಯಪ್‌ಗೆ ಯಾರು ಹೇಳೋದು? 24 ತಾಸಲ್ಲಿ ಕಂಪ್ಲೇಂಟ್ ಕ್ಲೋಸ್, ಫೋಟೋ ಸಮೇತ. ‘ಇನ್ನೂ ಕಾಯಬೇಕು’ ಅನ್ನೋ ಬಟನ್ ಅದರಲ್ಲಿ ಇಲ್ಲ.

ಹೋದೆ. ಚೌಕಟ್ಟಿನ ಮಣ್ಣನ್ನು ಉಗುರಿಂದ ಕೆರೆದೆ. ಬಿಳಿ ಹುಳ ಬುಳುಬುಳು ಉದುರಿದವು. ಹಿಂದೆ ಅಮ್ಮಾರು ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. ಒಂದು ಮಾತಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಾಡಿಯಿಂದ ಸೈಪರ್‌ಮೆಥ್ರಿನ್ ಅನ್ನೋ ಕೀಟನಾಶಕದ ಪಂಪ್ ತಂದು ಚೌಕಟ್ಟಿಗೆ ಹೊಡೆದೆ. ಅಷ್ಟಕ್ಕೇ ಬಿಟ್ಟಿದ್ದರೂ ನಡೀತಿತ್ತೇನೋ. ಉಳಿದದ್ದನ್ನ ಸುಮ್ನೆ ಯಾಕೆ ವಾಪಸ್ ಒಯ್ಯೋದು ಅಂತ ಹೊರಗೆ ಗೋಡೆ ಬುಡಕ್ಕೂ ಹೊಡೆದೆ. ನಾಲ್ಕನೇ ಸ್ಟೇಷನ್ ಅಲ್ಲಿಂದ ಎರಡಡಿಯೂ ಇರಲಿಲ್ಲ. ಅದರ ಮುಚ್ಚಳ ದಾಟಿಯೇ ಓಡಾಡಿದ್ದೆ.

ಅಮ್ಮಾರು ಚುರುಮುರಿ ಕೊಟ್ಟರು, ಚಹಾ ಕೊಟ್ಟರು. ಆ್ಯಪ್‌ನಲ್ಲಿ ಐದು ಸ್ಟಾರ್ ಬಿತ್ತು.

ಹದಿನೈದು ದಿನ ಬಿಟ್ಟು ಮುಚ್ಚಳ ತಿರುವಿದೆ. ಒಂದೂ ಹುಳ ಇಲ್ಲ. ‘ಕಾಲೊನಿ ಮುಗೀತು!’ ಅಂತ ಒಂದು ಕ್ಷಣ ಖುಷಿಯೂ ಆಯ್ತು. ಆಮೇಲೆ ಬೇಟ್ ನೋಡಿದೆ. ಮುಕ್ಕಾಲು ಪಾಲು ಹಾಗೇ ಇತ್ತು, ಮೇಲೆ ಬೂಸ್ಟು. ತಿಂದು ಮುಗಿಸಿದ ಡಬ್ಬಿಯಲ್ಲ ಅದು, ಬಿಟ್ಟು ಹೋದ ಡಬ್ಬಿ. ಅಷ್ಟರಲ್ಲಿ ಒಳಗಿಂದ ಕೂಗು, ‘ತಮ್ಮಾ, ಅಡಗಿ ಮನಿ ಕಪಾಟಿನ ಹಿಂದ ಬಂದು ನೋಡು.’ ಹಸಿ ಮಣ್ಣು.

ಆ ಸ್ಪ್ರೇ ಗೆದ್ದಲನ್ನ ದೂರ ಓಡಿಸುತ್ತದೆ, ಬೇಟ್ ಹತ್ತಿರವೂ ಬರಗೊಡಲ್ಲ. ಹೊಡೆದದ್ದೇ ತಪ್ಪು ಅಂತ ಅಲ್ಲೇ ಒಪ್ಪಿಕೊಂಡೆ. ಕಪಾಟು ಸರಿಸಿ, ಮಣ್ಣಿನ ಗೀರು ಮುರಿಯದ ಹಾಗೆ ಅದರ ಮೇಲೇ ಗೋಡೆ ಸ್ಟೇಷನ್ ಕೂರಿಸಿದೆ. ಬೇಟ್ ತುಂಬಿ, ಅವು ತಿಂದು, ಮತ್ತೆ ತುಂಬಿ, ಹುಳ ಪೂರ್ತಿ ಕಾಣೆಯಾಗುವಷ್ಟರಲ್ಲಿ ಸಂಕ್ರಾಂತಿ ದಾಟಿತ್ತು. ನನ್ನ ಹೆಸರಿಗೆ ಮೂರು ‘ಡಿಲೇ’ ಬಿದ್ದವು. ಸ್ಪ್ರೇ ಹೊಡೆದ ದಿನದ ಐದು ಸ್ಟಾರ್ ಮಾತ್ರ ಈಗಲೂ ಹಾಗೇ ಇದೆ.