ಯಾವ ಅಮೈನೋ ಆಮ್ಲ, ಯಾರಿಗೆ, ಎಷ್ಟು

ಪ್ರೋಟೀನುಗಳನ್ನು ಕಟ್ಟುವ ಇಟ್ಟಿಗೆಗಳೇ ಅಮೈನೋ ಆಮ್ಲಗಳು. ಅವುಗಳಲ್ಲಿ ಆರೋಗ್ಯವಂತ ವಯಸ್ಕ ಮನುಷ್ಯ ಆಹಾರದಿಂದಲೇ ಪಡೆಯಬೇಕಾದವು 9. ಅದೇ ಮನುಷ್ಯನ ಕೋಶವನ್ನು ಬೇರ್ಪಡಿಸಿ ಫ್ಲಾಸ್ಕಿನಲ್ಲಿ ಬೆಳೆಸಹೊರಟರೆ ಅದಕ್ಕೆ 13 ಬೇಕಾಗುತ್ತವೆ. 1950ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಹ್ಯಾರಿ ಈಗಲ್ ಅವರು, ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದ ಇಲಿಯ ‘ಎಲ್’ ಕೋಶಗಳಿಗೂ ಮನುಷ್ಯನ ‘ಹೀಲಾ’ ಕ್ಯಾನ್ಸರ್ ಕೋಶಗಳಿಗೂ ಒಂದೊಂದೇ ಅಮೈನೋ ಆಮ್ಲವನ್ನು ತಪ್ಪಿಸಿ ನೋಡಿ ಈ ಪಟ್ಟಿಯನ್ನು ನಿಶ್ಚಯಿಸಿದರು. ಹೆಚ್ಚುವರಿಯಾಗಿ ಸೇರಿದ ನಾಲ್ಕು ಎಂದರೆ ಅರ್ಜಿನಿನ್, ಸಿಸ್ಟೀನ್, ಟೈರೋಸಿನ್ ಮತ್ತು ಗ್ಲುಟಮಿನ್. ದೇಹದೊಳಗಿರುವಾಗ ಟೈರೋಸಿನ್ ಮತ್ತು ಸಿಸ್ಟೀನ್‌ಗಳನ್ನು ಯಕೃತ್ತು ತಯಾರಿಸಿ ಹಂಚುತ್ತದೆ, ಅರ್ಜಿನಿನ್ ಮೂತ್ರಪಿಂಡದಿಂದ ಬರುತ್ತದೆ, ಗ್ಲುಟಮಿನ್ ಬಹುಪಾಲು ಸ್ನಾಯುಗಳಿಂದ ಬರುತ್ತದೆ. ಫ್ಲಾಸ್ಕಿನಲ್ಲಿ ಒಂಟಿಯಾದ ಕೋಶಕ್ಕೆ ಈ ಬಂಧುಬಳಗ ಇಲ್ಲವಾದ್ದರಿಂದ ಅವೆಲ್ಲವನ್ನೂ ನಾವೇ ಉಣಿಸಬೇಕು. ‘ಅಮೈನೋ ಆಮ್ಲ ಪೂರೈಕೆ ಒಳ್ಳೆಯದೇ?’ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡಲಾಗದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಯಾರಿಗೆ, ಯಾವುದು, ಈಗ ಯಾವುದರ ಕೊರತೆ ಎಂಬುದನ್ನು ಮೊದಲು ಕೇಳಬೇಕು.

ಸೆಲ್ ಕಲ್ಚರ್, ಎಂದರೆ ಕೋಶಗಳನ್ನು ದೇಹದ ಹೊರಗೆ ಬೆಳೆಸುವ ಕೆಲಸದಲ್ಲಿರುವ ನಮಗೆ ಅತಿ ಹೆಚ್ಚು ಗಮನ ಬೇಡುವುದು ಗ್ಲುಟಮಿನ್. ಕೋಶಗಳಿಗೆ ಉಣಿಸುವ ಪೋಷಕ ದ್ರವವೇ ಮೀಡಿಯಾ; ಸಾಮಾನ್ಯವಾಗಿ ಬಳಸುವ ಡಿಎಂಇಎಂ ಎಂಬ ಮೀಡಿಯಾದಲ್ಲಿ ಲೀಟರಿಗೆ 584 ಮಿಲಿಗ್ರಾಂ ಗ್ಲುಟಮಿನ್ ಇರುತ್ತದೆ, ಆದರೆ 37 ಡಿಗ್ರಿ ಶಾಖದಲ್ಲಿ ಅದು ಕೋಶಗಳ ನೆರವಿಲ್ಲದೆಯೇ ದಿನದಿಂದ ದಿನಕ್ಕೆ ಒಡೆದು ಅಮೋನಿಯಾ ಬಿಡುತ್ತದೆ. ಕೋಶಗಳು ಅದನ್ನು ಉಪಯೋಗಿಸಿಕೊಂಡಾಗಲೂ ಅಮೋನಿಯಾ ಬರುತ್ತದೆ. ಬೆಳವಣಿಗೆ ಕುಂಠಿತವಾಯಿತೆಂದು ಇನ್ನಷ್ಟು ಗ್ಲುಟಮಿನ್ ಸುರಿದರೆ ಅಮೋನಿಯಾ ಏರಿ ಕೋಶಗಳು ಮತ್ತಷ್ಟು ಸೊರಗಬಹುದು. ಅಲನಿನ್ ಜೊತೆ ಜೋಡಿಸಿದ ಗ್ಲುಟಮಿನ್ ಮೀಡಿಯಾದಲ್ಲಿ ಸ್ಥಿರವಾಗಿದ್ದು, ಕೋಶಗಳು ಅದನ್ನು ತಮಗೆ ಬೇಕಾದಷ್ಟು ಬಿಡಿಸಿಕೊಳ್ಳುತ್ತವೆ. ನನ್ನ ಅನುಭವದಲ್ಲಿ ಅದರ ಹೆಚ್ಚಿನ ಬೆಲೆ ಸಾರ್ಥಕವೇ. ಟೈರೋಸಿನ್‌ನದು ಬೇರೆ ಸಮಸ್ಯೆ. ಅದು ನೀರಿನಲ್ಲಿ ಲೀಟರಿಗೆ ಅರ್ಧ ಗ್ರಾಂ ಕೂಡ ಕರಗುವುದಿಲ್ಲವಾದ್ದರಿಂದ ಕೋಶಗಳಿಗೆ ನಡುನಡುವೆ ಕೊಡುವ ಸಾಂದ್ರ ಪೋಷಕಾಂಶ (ಫೀಡ್) ತಯಾರಿಸುವಾಗ ಅದನ್ನು ಕ್ಷಾರೀಯ ದ್ರಾವಣದಲ್ಲಿ ಪ್ರತ್ಯೇಕವಾಗಿ ಕರಗಿಸಿಟ್ಟು, ಕೋಶಗಳು ಬೆಳೆಯುವ ತೊಟ್ಟಿಯಾದ ರಿಯಾಕ್ಟರಿಗೆ ನಿಧಾನವಾಗಿ ಹನಿಸಬೇಕಾಗುತ್ತದೆ. ಅವಸರ ಮಾಡಿದರೆ ಬಿಳಿಯ ಸಣ್ಣ ಸೂಜಿಗಳಂತೆ ಹರಳುಗಟ್ಟಿ ತಳ ಸೇರುತ್ತದೆ.

ಕೊರತೆಯಾದರೆ ಇಳುವರಿ ತಗ್ಗುವುದಷ್ಟೇ ಅಲ್ಲ. ಪ್ರತಿಕಾಯ ಔಷಧಗಳನ್ನು ತಯಾರಿಸಲು ಬಳಸುವ ಚೀನೀ ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳಿಗೆ ಆಸ್ಪರಜಿನ್ ಮುಗಿದುಹೋದರೆ, ಕೆಲವು ಜಾಗಗಳಲ್ಲಿ ಅದರ ಬದಲಿಗೆ ಸೆರಿನ್ ಸೇರಿಸಿ ಪ್ರೋಟೀನ್ ಕಟ್ಟಿಬಿಡುತ್ತವೆ. ಟೈರೋಸಿನ್ ಮುಗಿದರೆ ಫಿನೈಲ್‌ಅಲನಿನ್ ಆ ಜಾಗಕ್ಕೆ ಬರುತ್ತದೆ. ರೋಗಿಗೆ ಚುಚ್ಚುವ ಔಷಧದಲ್ಲಿ ಹೀಗಾಗುವುದು ಎಷ್ಟು ಗಂಭೀರ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಬ್ಯಾಕ್ಟೀರಿಯಾಗಳಿಂದಲೇ ಅಮೈನೋ ಆಮ್ಲ ತಯಾರಿಸುವ ಹುದುಗುವಿಕೆಯ ಉದ್ಯಮದಲ್ಲಿ ಇದೇ ಲೆಕ್ಕ ತಲೆಕೆಳಗಾಗುತ್ತದೆ, ಅಲ್ಲಿ ಬೇಕೆಂದೇ ಕೊರತೆ ಉಳಿಸಬೇಕು. ಜಪಾನಿನ ಕ್ಯೋವಾ ಹಕ್ಕೋ ಸಂಸ್ಥೆಯ ಶುಕುವೊ ಕಿನೊಶಿತಾ ಅವರ ತಂಡ 1950ರ ದಶಕದಲ್ಲಿ ಗ್ಲುಟಮಿಕ್ ಆಮ್ಲವನ್ನು ಹೊರಚೆಲ್ಲುವ ಕೊರಿನೆಬ್ಯಾಕ್ಟೀರಿಯಮ್ ಗ್ಲುಟಮಿಕಮ್ ಎಂಬ ಬ್ಯಾಕ್ಟೀರಿಯಾವನ್ನು ಕಂಡುಕೊಂಡಿತು. ಬಳಿಕ ಅದರ ಮ್ಯುಟೆಂಟ್ (ವಂಶವಾಹಿ ಬದಲಾದ ತಳಿ) ಒಂದರಿಂದ ಲೈಸಿನ್ ಪಡೆಯಿತು. ಈ ಮ್ಯುಟೆಂಟ್‌ಗೆ ಹೋಮೋಸೆರಿನ್ ಎಂಬ ನಡುಹಂತದ ವಸ್ತುವನ್ನು ತಯಾರಿಸಲು ಬಾರದು, ಆದ್ದರಿಂದ ಅದರಿಂದಾಗುವ ಥ್ರಿಯೋನಿನ್ ಮತ್ತು ಮಿಥಿಯೋನಿನ್‌ಗಳನ್ನು ಹೊರಗಿನಿಂದ ಕೊಡಲೇಬೇಕು. ಆದರೆ ಥ್ರಿಯೋನಿನ್ ಮತ್ತು ಲೈಸಿನ್ ಎರಡೂ ಒಟ್ಟಿಗೆ ಹೆಚ್ಚಿದಾಗ ಲೈಸಿನ್ ತಯಾರಿಕೆಯ ಮೊದಲ ಕಿಣ್ವವೇ ಸ್ಥಗಿತಗೊಳ್ಳುತ್ತದೆ. ಬ್ಯಾಕ್ಟೀರಿಯಾ ಬದುಕಿರುವಷ್ಟು, ಆದರೆ ತೃಪ್ತಿಯಾಗದಷ್ಟು ಥ್ರಿಯೋನಿನ್ ಕೊಟ್ಟರೆ ತಡೆ ಸಡಿಲಗೊಂಡು ಲೈಸಿನ್ ಉಕ್ಕಿ ಹರಿಯುತ್ತದೆ. ಇಂದು ಜಗತ್ತಿನಲ್ಲಿ ವರ್ಷಕ್ಕೆ 20 ಲಕ್ಷ ಟನ್‌ಗೂ ಹೆಚ್ಚು ಲೈಸಿನ್ ಹುದುಗುವಿಕೆಯಿಂದ ತಯಾರಾಗುತ್ತದೆ, ಅದರ ಬಹುಭಾಗ ಹಂದಿ ಮತ್ತು ಕೋಳಿಗಳ ಮೇವಿಗೆ ಹೋಗುತ್ತದೆ.

ಮನುಷ್ಯರಿಗೆ ಲೈಸಿನ್ ಎಷ್ಟು ಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನುರಾ ಕುರ್ಪಾಡ್ ಮತ್ತು ಅವರ ಸಹೋದ್ಯೋಗಿಗಳು ಪ್ರಮುಖರು. 1985ರ ಅಂತರರಾಷ್ಟ್ರೀಯ ವರದಿ ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 12 ಮಿಲಿಗ್ರಾಂ ಸಾಕು ಎಂದಿತ್ತು. ಈ ತಂಡ ಸ್ವಯಂಸೇವಕರಿಗೆ ಬೇರೆಬೇರೆ ಮಟ್ಟದ ಲೈಸಿನ್ ಕೊಟ್ಟು, ಗುರುತು ಹಾಕಿದ ಇಂಗಾಲವಿರುವ ಲ್ಯೂಸಿನ್ ದೇಹದಲ್ಲಿ ಎಷ್ಟು ಉರಿದು ಉಸಿರಿನಲ್ಲಿ ಹೊರಬರುತ್ತದೆ ಎಂದು 24 ಗಂಟೆಗಳ ಕಾಲ ಅಳೆಯಿತು; ಲೈಸಿನ್ ಸಾಲದಿದ್ದರೆ ಲ್ಯೂಸಿನ್ ಪ್ರೋಟೀನ್ ಆಗಲಾರದೆ ವ್ಯರ್ಥವಾಗಿ ಉರಿಯುತ್ತದೆ. ಹೀಗೆ ಸಿಕ್ಕ ಉತ್ತರ ಸುಮಾರು 30 ಮಿಲಿಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯಲ್ಲಿರುವುದೂ ಇದೇ ಸಂಖ್ಯೆ.

ಅಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 1,800 ಮಿಲಿಗ್ರಾಂ. ಸ್ಥೂಲವಾಗಿ ಲೆಕ್ಕ ಹಾಕಿದರೆ, 300 ಗ್ರಾಂ ಅಕ್ಕಿಯ ಅನ್ನದಿಂದ ಸುಮಾರು 800, ಸಾರು-ಹುಳಿಗೆ ಹಾಕುವ 60 ಗ್ರಾಂ ತೊಗರಿಬೇಳೆಯಿಂದ ಸುಮಾರು 900, ಒಂದು ಬಟ್ಟಲು ಮೊಸರಿನಿಂದ ಇನ್ನೂರಕ್ಕೂ ಹೆಚ್ಚು. ಜೀರ್ಣವಾಗದೆ ಹೋಗುವ ಪಾಲನ್ನು ಕಳೆದರೆ ಇದು ಅಂಚಿನಲ್ಲಿರುವ ಊಟ. ಬೇಳೆಯ ಬೆಲೆ ಏರಿ ಸಾರು ತೆಳುವಾದ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಲೈಸಿನ್. ಜಿಮ್ ಪಕ್ಕದ ಅಂಗಡಿಯಲ್ಲಿ ಮಾರುವ ಬಿಸಿಎಎ (ಕವಲು ಸರಪಳಿಯ ಅಮೈನೋ ಆಮ್ಲ) ಪುಡಿಯಲ್ಲಿ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಮೂರೇ ಇರುತ್ತವೆ. ಉಳಿದ ಆರು ಆಹಾರದಿಂದ ಬರದಿದ್ದರೆ ಆ ಮೂರರಿಂದ ಸ್ನಾಯು ಕಟ್ಟಲಾಗದು, ಆದ್ದರಿಂದ ಅದೇ ಹಣಕ್ಕೆ ಬೇಳೆ, ಹಾಲು, ಮೊಟ್ಟೆ ಕೊಳ್ಳಿರಿ ಎಂದೇ ನನ್ನ ಸಲಹೆ. ಗ್ಲುಟಮಿನ್ ಪುಡಿಯ ವಿಷಯದಲ್ಲಿಯೂ ಎಚ್ಚರ ಬೇಕು: ತೀವ್ರ ನಿಗಾ ಘಟಕಗಳ 1,223 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗ್ಲುಟಮಿನ್ ಪಡೆದವರಲ್ಲಿ ಸಾವು ಕಡಿಮೆಯಾಗುವ ಬದಲು ಹೆಚ್ಚಾಗಿತ್ತು.

ಸೇಂಟ್ ಜಾನ್ಸ್ ತಂಡ ದೀರ್ಘಕಾಲದ ಅಪೌಷ್ಟಿಕತೆಯಿಂದ ಬಳಲುವ ಪುರುಷರನ್ನೂ ಇದೇ ವಿಧಾನದಿಂದ ಪರೀಕ್ಷಿಸಿದಾಗ, ಅವರಿಗೆ ಬೇಕಾದ ಲೈಸಿನ್ ಆರೋಗ್ಯವಂತರಿಗಿಂತ ಹೆಚ್ಚಾಗಿತ್ತು. ಕರುಳಿನ ಪರೋಪಜೀವಿಗಳಿಗೆ ಔಷಧ ಕೊಟ್ಟ ಮೇಲೆ ಆ ಅಗತ್ಯ ಇಳಿಯಿತು. ಅಂಥವರಿಗೆ ಲೈಸಿನ್ ಬೆರೆಸಿದ ಹಿಟ್ಟು ಹಂಚುವ ಯೋಜನೆ ಹಾಕುವವರು ಅದರ ಜೊತೆಗೆ ಜಂತುಹುಳದ ಮಾತ್ರೆಯನ್ನೂ ಶೌಚಾಲಯವನ್ನೂ ಶುದ್ಧ ನೀರನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.