ಯಾವ ಕಂಟ್ರೋಲರ್ ತಗೊಳ್ಳಲಿ ಅಂತ ಕೇಳುವವರಿಗೆ

"ಅಣ್ಣಾ, ನಾನೂ ಡಿಜೆ ಶುರು ಮಾಡಬೇಕು ಅಂತಿದ್ದೀನಿ. ಯಾವ ಕಂಟ್ರೋಲರ್ ತಗೊಳ್ಳಲಿ?" ನನಗೆ ಬರುವ ಮೆಸೇಜುಗಳಲ್ಲಿ ಇದೇ ಜಾಸ್ತಿ. ಕಂಟ್ರೋಲರ್ ಅಂದರೆ ಲ್ಯಾಪ್‌ಟಾಪಿಗೆ ಜೋಡಿಸಿ ಹಾಡುಗಳನ್ನು ಬೆರೆಸುವ, ಗುಂಡಿ-ತಟ್ಟೆಗಳಿರುವ ಯಂತ್ರ. ಕೇಳುವವರು ಹೆಚ್ಚಾಗಿ ಕಾಲೇಜು ಹುಡುಗರು. ಈಚೆಗೆ ಹುಡುಗಿಯರೂ ಕೇಳುತ್ತಿದ್ದಾರೆ, ಅದು ನನಗೆ ತುಂಬಾ ಖುಷಿ. ನಾನು ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಮದುವೆ, ಆರತಕ್ಷತೆ, ಕಾಲೇಜ್ ಡೇ, ರಾಜ್ಯೋತ್ಸವ ಅಂತ ಸಾಮಾನು ಹೇರಿಕೊಂಡು ಹೋಗಿ ಹಾಡು ಹಾಕಿ ಬರುವವನು. ಕ್ಲಬ್ ಡಿಜೆ ಅಲ್ಲ. ಕ್ಲಬ್ಬಿನಲ್ಲಿ ಸೌಂಡು, ಕರೆಂಟು, ಜಾಗ ಎಲ್ಲ ಅವರದೇ. ಡಿಜೆ ಪೆನ್‌ಡ್ರೈವ್ ಹಿಡಿದು ಹೋದರೆ ಸಾಕು. ನಮ್ಮ ಕೆಲಸದಲ್ಲಿ ಎಲ್ಲವೂ ನಮ್ಮ ತಲೆಯ ಮೇಲೆ.

ಚಿಕ್ಕ ಉತ್ತರ ಬೇಕಾದರೆ ಹೇಳಿಬಿಡುತ್ತೇನೆ. ಎರಡು ಚಾನೆಲ್ಲಿನ, ಅಂದರೆ ಒಮ್ಮೆಗೆ ಎರಡು ಹಾಡು ಬೆರೆಸಬಹುದಾದ, ಯಾವುದಾದರೂ ಒಳ್ಳೆಯ ಕಂಟ್ರೋಲರ್ ಸಾಕು. ಪಯೋನಿಯರ್‌ನ ಡಿಡಿಜೆ-ಎಫ್‌ಎಲ್‌ಎಕ್ಸ್4 ಥರದ್ದು ತಗೊಂಡರೆ ರೆಕಾರ್ಡ್‌ಬಾಕ್ಸ್, ಸೆರಾಟೊ ಅನ್ನುವ ಡಿಜೆ ಸಾಫ್ಟ್‌ವೇರ್ ಎರಡರಲ್ಲೂ ಕಲಿಯಬಹುದು. ಮದುವೆಮನೆಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಪರವಾಗಿಲ್ಲ. ಎಲ್ಲ ಫೇಡರ್ (ಶಬ್ದ ಏರಿಸಿ ಇಳಿಸುವ ಜಾರುಗುಂಡಿ) ಮೇಲೆ ಕೆಳಗೆ ಓಡಿಸಿ, ಕರಕರ ಅನ್ನುತ್ತದಾ ನೋಡಿ ತಗೊಳ್ಳಿ. ಆದರೆ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಇರುವ ದುಡ್ಡನ್ನೆಲ್ಲ ಕಂಟ್ರೋಲರ್ ಮೇಲೆ ಸುರಿದು, ಮೈಕಿಗೂ ಕೇಬಲ್ಲಿಗೂ ಕೈ ಬಿಗಿ ಮಾಡಿದವರನ್ನು ತುಂಬಾ ನೋಡಿದ್ದೇನೆ. ನಿಮ್ಮನ್ನು ಕರೆಸಿದ ಮನೆಯವರು ಆ ಕಂಟ್ರೋಲರನ್ನು ತಿರುಗಿಯೂ ನೋಡುವುದಿಲ್ಲ. ಅವರ ಕೈಗೆ ಬರುವುದು ಮೈಕು, ಕಿವಿಗೆ ಬೀಳುವುದು ಸ್ಪೀಕರು.

ಹಾಗಾಗಿ ಮೈಕಿನಿಂದಲೇ ಶುರು ಮಾಡೋಣ. ಆರತಕ್ಷತೆ ಅಂದಮೇಲೆ ಹೆಣ್ಣಿನ ಸೋದರಮಾವ ನಾಲ್ಕು ಮಾತಾಡುತ್ತಾರೆ. ಗೆಳತಿಯರು ಹಾಡುತ್ತಾರೆ. ಊಟಕ್ಕೆ ಏಳಿ ಅಂತ ಕರೆಯಬೇಕು. ಇದೆಲ್ಲ ಹಿಂದಿನ ಸಾಲಿನ ಅಜ್ಜಿಗೂ ಸ್ಪಷ್ಟವಾಗಿ ಕೇಳಿಸಿದರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ. ಶ್ಯೂರ್ ಕಂಪನಿಯ ಎಸ್ಎಂ58 ಮೈಕು 1966ರಿಂದ ಬಂದಿದೆ, ಇವತ್ತಿಗೂ ಎಲ್ಲ ವೇದಿಕೆಗಳ ಮೇಲೂ ಇದೆ. ಕಾರಣ ಸರಳ. ಅದು ಎದುರಿನ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ಹಿಂದಿನಿಂದ ಬರುವುದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಆದರೆ ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಆ ಗುಣ ಕೆಟ್ಟುಹೋಗಿ ಕೂಯ್ ಅಂತ ಕೂಗುತ್ತದೆ. ಆಗ ವಾಲ್ಯೂಮ್ ಇಳಿಸಿ ಸುಮ್ಮನಾಗಬೇಡಿ. ಹತ್ತಿರ ಹೋಗಿ "ದೊಡ್ಡಪ್ಪಾ, ಸ್ವಲ್ಪ ಕೆಳಗೆ ಹಿಡ್ಕೊಳ್ಳಿ" ಅಂತ ಮೆತ್ತಗೆ ಹೇಳಿ. ಸ್ಪೀಕರ್ ಯಾವಾಗಲೂ ಮೈಕಿಗಿಂತ ಮುಂದೆ, ಜನರ ಕಡೆಗೆ ಇರಲಿ. ಮಿಕ್ಸರಿನ ಮೈಕ್ ಚಾನೆಲ್ಲಿನಲ್ಲಿ 100 ಹರ್ಟ್ಜ್‌ಗಿಂತ ಕೆಳಗಿನ ದಪ್ಪ ಸದ್ದನ್ನು ಕತ್ತರಿಸಿ, ಗುಂಯ್‌ಗುಡುವುದು ಕಡಿಮೆಯಾಗುತ್ತದೆ. ಕಾರ್ಡ್‌ಲೆಸ್ ಮೈಕಿಗೆ ಪ್ರತಿ ಕಾರ್ಯಕ್ರಮಕ್ಕೂ ಹೊಸ ಸೆಲ್ ಹಾಕಿ. ಜೊತೆಗೆ ವೈರ್ ಇರುವ ಮೈಕ್ ಒಂದು, ಸ್ವಿಚ್ ಇಲ್ಲದ್ದು, ಸದಾ ಸಿದ್ಧವಾಗಿರಲಿ. ಸ್ವಿಚ್ ಇದ್ದರೆ ಯಾರೋ ಆಫ್ ಮಾಡಿಯೇ ಮಾಡುತ್ತಾರೆ.

ಇನ್ನು ಸ್ಪೀಕರ್. ನಮ್ಮ ಕಡೆಯ ಛತ್ರಗಳನ್ನು ನೆನಪು ಮಾಡಿಕೊಳ್ಳಿ. ಕಾಂಕ್ರೀಟ್ ಚಾವಣಿ, ಕೆಳಗೆ ಗ್ರಾನೈಟು, ಸುತ್ತ ಗಾಜು. ಶಬ್ದ ಹೀರುವ ವಸ್ತು ಅಂದರೆ ಜನರು ಮಾತ್ರ. ಅಂಥ ಕಡೆ ಮುಂದೆ ಎರಡು ಸ್ಪೀಕರ್ ಇಟ್ಟು ಜೋರು ಮಾಡಿದಷ್ಟೂ ಪ್ರತಿಧ್ವನಿ ಹೆಚ್ಚುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಆಂಪ್ಲಿಫೈಯರ್ ಪವರ್ ಎರಡರಷ್ಟು ಮಾಡಿದರೆ ಏರುವುದು ಬರೀ 3 ಡೆಸಿಬೆಲ್. ಅಂದರೆ ಹಿಂದಿನವರಿಗೆ ಕೇಳಿಸಲಿ ಅಂತ ವ್ಯಾಟ್ ಏರಿಸುತ್ತಾ ಹೋದರೆ ಮುಂದಿನ ಸಾಲಿನವರ ಕಿವಿ ಹೋಗುತ್ತದೆ, ಹಿಂದಿನವರಿಗೆ ಲಾಭ ಅಷ್ಟಕ್ಕಷ್ಟೆ. ಛತ್ರದ ಮಧ್ಯಕ್ಕೆ ಇನ್ನೊಂದು ಜೋಡಿ ಸಣ್ಣ ಸ್ಪೀಕರ್ ನಿಲ್ಲಿಸಿ, ಮೆಲ್ಲಗೆ ಬಿಡಿ. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮಧ್ಯದ ಜೋಡಿ 15 ಮೀಟರ್ ದೂರದಲ್ಲಿದ್ದರೆ ಅದಕ್ಕೆ 45 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಡಿಲೇ ಕೊಡಿ, ಅಂದರೆ ಅಷ್ಟು ತಡವಾಗಿ ಶಬ್ದ ಹೊರಡುವಂತೆ ಮಾಡಿ. ಆಗ ಎರಡೂ ಕಡೆಯ ಶಬ್ದ ಒಟ್ಟಿಗೆ ಕಿವಿಗೆ ಬೀಳುತ್ತದೆ, ಮಾತು ಸ್ಪಷ್ಟವಾಗಿ ಕೇಳುತ್ತದೆ.

ಸ್ಪೀಕರ್ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ವ್ಯಾಟನ್ನು ನಂಬಬೇಡಿ. ಹೆಚ್ಚಾಗಿ ಅದು ಕ್ಷಣಕಾಲದ ಪೀಕ್ ಲೆಕ್ಕ. ಸತತವಾಗಿ ಎಷ್ಟು ತಾಳುತ್ತದೆ ಅನ್ನುವ ಆರ್‌ಎಂಎಸ್ ಕೇಳಿ. ಎಷ್ಟು ಡೆಸಿಬೆಲ್ ಕೊಡುತ್ತದೆ ಅಂತಲೂ ಕೇಳಿ. ಮೊದಲನೇ ವರ್ಷ ಸ್ಪೀಕರ್ ಕೊಳ್ಳುವ ಗೋಜಿಗೇ ಹೋಗಬೇಡಿ, ಬಾಡಿಗೆಗೆ ತಗೊಳ್ಳಿ. ಊರಿನ ಸೌಂಡ್ಸ್‌ನವರ ಜೊತೆ ಓಡಾಡಿದರೆ 12 ಇಂಚಿನದು ಎಲ್ಲಿಗೆ ಸಾಕು, 15 ಇಂಚಿನದು ಎಲ್ಲಿಗೆ ಬೇಕು, 18 ಇಂಚಿನ ಬೇಸ್ ಯಾವಾಗ ಇಳಿಸಬೇಕು ಅಂತ ಕಣ್ಣಾರೆ ಕಲಿಯುತ್ತೀರಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೊಳ್ಳುವುದು ಅದಾದಮೇಲೆ. ಆದರೆ ಕೇಬಲ್ ಮಾತ್ರ ನಿಮ್ಮದೇ ಇರಲಿ. ದೂರದ ಸ್ಪೀಕರಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲೇ ಎಳೆಯಿರಿ, ಗುಂಯ್ ಅನ್ನುವ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಕರೆಂಟಿನ ವಿಷಯವನ್ನು ಯಾವ ವಿಡಿಯೊದಲ್ಲೂ ಸರಿಯಾಗಿ ಹೇಳುವುದಿಲ್ಲ. ಅದಕ್ಕೇ ನನಗೆ ಇದರ ಬಗ್ಗೆ ಚಿಂತೆ ಜಾಸ್ತಿ. ಛತ್ರದ ಪ್ಲಗ್ಗಿಗೆ ಏನನ್ನೂ ಚುಚ್ಚುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಿ. 230 ವೋಲ್ಟಿನ ಆಸುಪಾಸು ಇರಬೇಕು. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಡಿದುಹೋದರೆ ಒಂದು ಫೇಸಿನಲ್ಲಿ ವೋಲ್ಟೇಜ್ 400ರ ಹತ್ತಿರಕ್ಕೂ ಏರಬಹುದು. ಇದ್ದ ಸಾಮಾನೆಲ್ಲ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಸೌಂಡಿನ ಲೈನ್ ಬೇರೆ, ಸೀರಿಯಲ್ ಸೆಟ್ಟು ಮತ್ತು ಅಡುಗೆಮನೆ ಗ್ರೈಂಡರಿನ ಲೈನ್ ಬೇರೆ ಇರಲಿ ಅಂತ ಛತ್ರದ ಎಲೆಕ್ಟ್ರಿಷಿಯನ್ನಿಗೆ ಹೇಳಿ. ಗುಂಯ್ ಶಬ್ದ ನಿಲ್ಲಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ತೆಗೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವುದು ಹೀಗೇ. ಮಳೆಗಾಲದ ಶಾಮಿಯಾನದಲ್ಲಂತೂ ಇದು ಜೀವದ ಪ್ರಶ್ನೆ.

ಸಂಗೀತಕ್ಕೆ ಬರೋಣ. ನಮ್ಮ ಕಡೆಯ ಹಾಡುಗಳನ್ನು ಮಿಕ್ಸ್ ಮಾಡುವುದು ಬೇರೆಯೇ ವಿದ್ಯೆ. ವಿದೇಶದ ಪಾಠಗಳೆಲ್ಲ ಒಂದೇ ಅಳತೆಯ ನಾಲ್ಕರ ಬೀಟ್ ಮೇಲೆ ನಿಂತಿವೆ. ನಮ್ಮ ತಮಟೆಯ ಏಟು ಬಹಳ ಸಲ ಆರರ ನಡೆ. ನಾಲ್ಕರ ಹಾಡಿನ ಮೇಲೆ ಅದನ್ನು ಹೇರಿದರೆ ಕುಣಿಯುವವರ ಕಾಲು ತಡವರಿಸುತ್ತದೆ. ಅಲ್ಲಿ ಎಕೊ ಕೊಟ್ಟು ಮೊದಲ ಹಾಡನ್ನು ಪೂರ್ತಿ ಬಿಡಿ, ಒಂದು ಉಸಿರಿನಷ್ಟು ಜಾಗ ಕೊಟ್ಟು ತಮಟೆ ಎತ್ತಿ. ಆ ಒಂದು ಕ್ಷಣದಲ್ಲಿ ಇಡೀ ಛತ್ರ ಎದ್ದು ನಿಲ್ಲುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಅದು. ಹಳೆಯ ರಾಜ್‌ಕುಮಾರ್ ಹಾಡುಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ್ದರಿಂದ ವೇಗ ಹಾಡಿನುದ್ದಕ್ಕೂ ಒಂದೇ ಇರುವುದಿಲ್ಲ. ಸಾಫ್ಟ್‌ವೇರ್ ಹಾಕಿಕೊಡುವ ಬೀಟ್ ಗ್ರಿಡ್, ಅಂದರೆ ತಾಳದ ಏಟು ಎಲ್ಲೆಲ್ಲಿ ಬೀಳುತ್ತದೆ ಅನ್ನುವ ಗುರುತು, ಅರ್ಧ ಹಾಡಿಗೇ ಜಾರುತ್ತದೆ. ಮನೆಯಲ್ಲಿ ಕೂತು ಕೈಯಿಂದ ಸರಿಮಾಡಿಕೊಳ್ಳಿ. ಹಂಸಲೇಖ ಮತ್ತು ರವಿಚಂದ್ರನ್ ಜೋಡಿಯ ಹಾಡುಗಳು ಬಂದಾಗ ನಲವತ್ತು ದಾಟಿದವರು ಕುರ್ಚಿ ಬಿಟ್ಟು ಬರುತ್ತಾರೆ. ಅವರನ್ನು ಮರೆತು ಬರೀ ಹೊಸ ಹಾಡು ಹಾಕುವವರು ಅರ್ಧ ಮದುವೆಯನ್ನೇ ಬಿಟ್ಟ ಹಾಗೆ.

ಹಾಡಿನ ಫೈಲ್ ವಿಡಿಯೊದಿಂದ ಕಿತ್ತುಕೊಂಡದ್ದು ಬೇಡ. ಫೋನಿನಲ್ಲಿ ಚೆನ್ನಾಗಿ ಕೇಳುತ್ತದೆ. ದೊಡ್ಡ ಸ್ಪೀಕರಿನಲ್ಲಿ ತಾಳದ ಸದ್ದು ನೀರು ನೀರಾಗುತ್ತದೆ, ಬೇಸ್ ಮಂಕಾಗುತ್ತದೆ. ದುಡ್ಡು ಕೊಟ್ಟು ತಗೊಂಡ 320 ಕೆಬಿಪಿಎಸ್ ಎಂಪಿ3 ಅಥವಾ ವೇವ್ ಫೈಲ್ ಇಟ್ಟುಕೊಳ್ಳಿ, ಇನ್ನೊಂದು ಕಾಪಿ ಬೇರೆ ಡ್ರೈವಿನಲ್ಲಿರಲಿ. ಓಲಗ ಊದುವಾಗ ನಿಮ್ಮ ಫೇಡರ್ ಪೂರ್ತಿ ಕೆಳಗಿರಬೇಕು. ಅವರ ಸಮಯ ಅವರದ್ದು. ಕೊಡಗಿಗೆ ಹೋದರೆ ವಾಲಗಕ್ಕೆ ಇದೇ ಮರ್ಯಾದೆ.

ಕಾನೂನು ಗೊತ್ತಿರಲೇಬೇಕು. ಶಬ್ದ ಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ವಿನಾಯಿತಿ ಇದೆ. ಹಬ್ಬ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಬಿಡಬಹುದು. ಜನವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಹಾಡಿನ ಹಕ್ಕಿನ ವಿಷಯದಲ್ಲಿ, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಕೊಡುತ್ತದೆ. ಮದುವೆ ಮೆರವಣಿಗೆ, ಮದುವೆಗೆ ಸೇರಿದ ಇತರ ಸಂಭ್ರಮಗಳೂ ಅದರಲ್ಲಿ ಬರುತ್ತವೆ ಅಂತ ಅಲ್ಲೇ ವಿವರಣೆ ಇದೆ. ಹೊಸ ವರ್ಷದ ಪಾರ್ಟಿ, ಕಂಪನಿ ಕಾರ್ಯಕ್ರಮಗಳಿಗೆ ಆ ವಿನಾಯಿತಿ ಇಲ್ಲ. ಅಲ್ಲಿ ಐಪಿಆರ್‌ಎಸ್, ಪಿಪಿಎಲ್ ಥರದ, ಹಾಡಿನ ಹಕ್ಕುದಾರರ ಪರವಾಗಿ ದುಡ್ಡು ಪಡೆಯುವ ಸಂಸ್ಥೆಗಳ ಲೈಸೆನ್ಸ್ ಯಾರು ತಗೊಳ್ಳುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ.

ಗಣೇಶನ ಮೆರವಣಿಗೆಗೆ ಹಲವು ಜಿಲ್ಲೆಗಳಲ್ಲಿ ಡಿಜೆ ನಿಷೇಧದ ಆದೇಶ ಬರುತ್ತಿದೆ. ನಮ್ಮ ಹೊಟ್ಟೆಗೆ ಹೊಡೆಯುತ್ತಾರೆ ಅಂತ ಗೆಳೆಯರು ಸಿಟ್ಟಾಗುತ್ತಾರೆ. ನನಗೆ ಆ ಸಿಟ್ಟು ಬರುವುದಿಲ್ಲ. ಟ್ರ್ಯಾಕ್ಟರಿನ ಮೇಲೆ ಬೇಸ್ ಪೆಟ್ಟಿಗೆ ಪೇರಿಸಿ, ಕಿಟಕಿ ಗಾಜು ಅದುರಿಸಿ, ಯಾರದು ಜೋರು ಅಂತ ಪೈಪೋಟಿ ಮಾಡಿದ್ದರ ಫಲ ಇದು. ಸಂಗೀತ ಕಾರ್ಯಕ್ರಮಗಳಲ್ಲಿ 15 ನಿಮಿಷದ ಸರಾಸರಿ 100 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಆ ಪೆಟ್ಟಿಗೆಗಳ ಮುಂದೆ ಕುಣಿಯುವುದು ಹತ್ತು ಹನ್ನೆರಡು ವರ್ಷದ ಮಕ್ಕಳು. ಆ ಕಿವಿ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಒಂದು ಡೆಸಿಬೆಲ್ ಮೀಟರ್ ಕೊಳ್ಳಿ, ನಿಮ್ಮ ಮೇಜಿನ ಮೇಲಲ್ಲ, ಮೊದಲ ಸಾಲಿನಲ್ಲಿ ನಿಂತು ನೋಡಿ. ನಿಮ್ಮ ಕಿವಿಗೂ ಪ್ಲಗ್ ಹಾಕಿಕೊಳ್ಳಿ.

ಇನ್ನು ವ್ಯಾಪಾರ. ರೇಟ್ ಹೇಳುವಾಗ ಹಾಡು ಹಾಕುವ ಮೂರು ಗಂಟೆಯ ಲೆಕ್ಕ ಹಿಡಿಯಬೇಡಿ. ಸಾಮಾನು ಹೇರುವುದು, ಗಾಡಿ ಬಾಡಿಗೆ, ಜೊತೆಗೆ ಬರುವ ಹುಡುಗನ ಕೂಲಿ, ರಾತ್ರಿ ಎಲ್ಲ ಬಿಚ್ಚಿ ವಾಪಸ್ ಬರುವುದು, ಸವೆಯುವ ಸಾಮಾನು ಎಲ್ಲ ಸೇರಿಸಿ ಹೇಳಿ. ಗುರುತಿನವರಾದರೂ ಅಡ್ವಾನ್ಸ್ ತಗೊಳ್ಳಿ. ಎಷ್ಟು ಹೊತ್ತಿಗೆ ಶುರು, ಎಷ್ಟಕ್ಕೆ ನಿಲ್ಲಿಸುವುದು, ಪೊಲೀಸ್ ಅನುಮತಿ ಯಾರ ಹೊಣೆ, ಜನರೇಟರ್ ಯಾರದು, ಇಷ್ಟನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿ, ಅವರಿಂದ ಸರಿ ಅನ್ನಿಸಿಕೊಳ್ಳಿ. ಮನಸ್ತಾಪ ಆಗುವುದು ಈ ನಾಲ್ಕು ವಿಷಯಕ್ಕೇ. ಕಾರ್ಯಕ್ರಮ ಮುಗಿದ ರಾತ್ರಿಯೇ ಬಾಕಿ ಕೇಳುವುದರಲ್ಲಿ ನಾಚಿಕೆ ಏನಿಲ್ಲ, ಅಡುಗೆಯವರೂ ಫೋಟೊದವರೂ ಕೇಳುತ್ತಾರಲ್ವಾ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಶುರುವಿನಲ್ಲಿ ಆ ಚಿಂತೆ ಇರುವುದಿಲ್ಲ, ಆದರೂ ಮೊದಲ ದಿನದಿಂದಲೇ ಬಿಲ್ ಪುಸ್ತಕ ಇಡಿ.

ವರ್ಷವಿಡೀ ಕೆಲಸ ಇರುವುದಿಲ್ಲ ಅನ್ನುವುದೂ ಗೊತ್ತಿರಲಿ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಮಾಘದಿಂದ ವೈಶಾಖದವರೆಗೆ ದುಡಿದದ್ದನ್ನು ಆ ತಿಂಗಳುಗಳಿಗೆ ಹಂಚಿಕೊಳ್ಳಬೇಕು. ಹಾಗಾಗಿ ಕಂಟ್ರೋಲರಿಗೆ ಕಂತು ಕಟ್ಟುವ ಯೋಚನೆ ಇದ್ದರೆ ಆಷಾಢದ ಕಂತು ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡಿಕೊಳ್ಳಿ. ಕಲಿಯಲು ಮಾತ್ರ ಆಷಾಢದಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಸೌಂಡ್ಸ್‌ನವರ ಸೆಟ್ಟುಗಳೆಲ್ಲ ಗೋಡೌನಿನಲ್ಲಿ ಖಾಲಿ ಇರುತ್ತವೆ, ಅವರಿಗೂ ಬಿಡುವಿರುತ್ತದೆ. ಹೋಗಿ ಕೇಳಿ. ಬಾಕ್ಸ್ ಒರೆಸಿಕೊಡುತ್ತೇನೆ, ಕೇಬಲ್ ಸುತ್ತಿಕೊಡುತ್ತೇನೆ, ಸಂಜೆ ಎರಡು ಗಂಟೆ ಸೆಟ್ ಮೇಲೆ ಪ್ರಾಕ್ಟೀಸ್ ಮಾಡಲು ಬಿಡಿ ಅಂದರೆ ಇಲ್ಲ ಅನ್ನುವವರು ಕಡಿಮೆ.