ವೆಸ್ಟ್, ಹೆಲ್ಮೆಟ್ ಆರಿಸುವಾಗ ಎಣಿಸಬೇಕಾದ್ದು ಗುಂಡುಗಳನ್ನು

ಪಬ್‌ಜಿ ಗೇಮ್‌ನಲ್ಲಿ ಲೂಟ್ ಮಾಡುವಾಗ, ಅಂದರೆ ಬಿದ್ದಿರುವ ಸಾಮಾನು ಆರಿಸಿಕೊಳ್ಳುವಾಗ, ಬಹುತೇಕರು ನೋಡುವುದು ಒಂದೇ ಸಂಖ್ಯೆ: ಲೆವೆಲ್. 1ಕ್ಕಿಂತ 2 ಮೇಲು, 2ಕ್ಕಿಂತ 3 ಮೇಲು. ತಪ್ಪೇನಲ್ಲ. ಆದರೆ ಅಷ್ಟಕ್ಕೇ ನಿಂತರೆ ಯಾವ ವೆಸ್ಟ್‌ಗಾಗಿ ಬಯಲು ದಾಟಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಅನ್ನುವುದು ಗೊತ್ತಾಗುವುದಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈಗಿರುವ ಹೆಲ್ತ್‌ಗೆ, ಈ ರಕ್ಷಣೆ ಹಾಕಿಕೊಂಡರೆ, ಎಷ್ಟನೇ ಗುಂಡಿಗೆ ನಾನು ಬೀಳುತ್ತೇನೆ? ಇಲ್ಲಿ ಕೊಟ್ಟಿರುವ ಅಂಕಿಗಳು ಪಿಸಿ ಆವೃತ್ತಿಯವು. ಗನ್‌ಗಳ ಡ್ಯಾಮೇಜ್ ಪ್ಯಾಚ್‌ನಿಂದ ಪ್ಯಾಚ್‌ಗೆ (ಗೇಮ್‌ನ ಅಪ್‌ಡೇಟ್‌ಗಳಲ್ಲಿ) ಒಂದೆರಡು ಅಂಕ ಹೆಚ್ಚುಕಮ್ಮಿ ಆಗುತ್ತಿರುತ್ತದೆ, ಲೆಕ್ಕ ಹಾಕುವ ದಾರಿ ಮಾತ್ರ ಅದೇ.

ಮೊದಲು ಮೂಲ ಅಂಕಿಗಳು. ವೆಸ್ಟ್ ಆಗಲಿ ಹೆಲ್ಮೆಟ್ ಆಗಲಿ, ಲೆವೆಲ್ 1 ಡ್ಯಾಮೇಜನ್ನು ಶೇಕಡಾ 30ರಷ್ಟು ತಗ್ಗಿಸುತ್ತದೆ, ಲೆವೆಲ್ 2 ಶೇಕಡಾ 40, ಲೆವೆಲ್ 3 ಶೇಕಡಾ 55. ಇದರ ಜೊತೆಗೆ ಬಾಳಿಕೆ ಅಂತ ಇನ್ನೊಂದು ಸಂಖ್ಯೆ ಇದೆ, ಎಷ್ಟು ಏಟು ತಿಂದ ಮೇಲೆ ಒಡೆಯುತ್ತದೆ ಅನ್ನುವ ಲೆಕ್ಕ. ವೆಸ್ಟ್‌ಗಳಿಗೆ ಕ್ರಮವಾಗಿ 200, 220, 250. ಹೆಲ್ಮೆಟ್‌ಗಳಿಗೆ 80, 150, 230. ಶೇಕಡಾವಾರು ರಕ್ಷಣೆಯಲ್ಲಿ 1ರಿಂದ 2ಕ್ಕೆ ಏರುವುದು ಹತ್ತು, 2ರಿಂದ 3ಕ್ಕೆ ಹದಿನೈದು. ದೊಡ್ಡ ಜಿಗಿತ ಇರುವುದು ಕೊನೆಯ ಮೆಟ್ಟಿಲಲ್ಲಿ ಅನ್ನುವುದನ್ನು ಇಲ್ಲೇ ಗಮನಿಸಿಟ್ಟುಕೊಳ್ಳಿ.

ಈಗ ಲೆಕ್ಕ. ಎಂ416 ರೈಫಲ್‌ನ ಗುಂಡಿನ ಮೂಲ ಡ್ಯಾಮೇಜ್ 40 ಅಂತ ಹಿಡಿಯೋಣ. ದೇಹದ ಯಾವ ಭಾಗಕ್ಕೆ ಬಿತ್ತು, ಎಷ್ಟು ದೂರದಿಂದ ಬಂತು ಅನ್ನುವುದರ ಮೇಲೆ ಇದು ಸ್ವಲ್ಪ ಬದಲಾಗುತ್ತದೆ, ಸದ್ಯಕ್ಕೆ ಅದನ್ನು ಪಕ್ಕಕ್ಕಿಡುತ್ತೇನೆ. ವೆಸ್ಟ್ ಇಲ್ಲದವನಿಗೆ ಒಂದು ಗುಂಡಿಗೆ 40 ಹೋಗುತ್ತದೆ, ಪೂರ್ತಿ 100 ಹೆಲ್ತ್ ಇದ್ದರೂ ಮೂರನೇ ಗುಂಡಿಗೆ ಮುಗಿಯಿತು. ಲೆವೆಲ್ 1 ಇದ್ದರೆ ಗುಂಡಿಗೆ 28, ಬೀಳುವುದು ನಾಲ್ಕನೆಯದಕ್ಕೆ. ಲೆವೆಲ್ 2ರಲ್ಲಿ 24. ನಾಲ್ಕು ಗುಂಡು ತಿಂದರೂ 96 ಹೋಗಿ 4 ಉಳಿದಿರುತ್ತದೆ, ಐದನೆಯದು ಬೇಕು. ಲೆವೆಲ್ 3ರಲ್ಲಿ 18, ಆರನೇ ಗುಂಡಿಗೆ ಬೀಳುತ್ತೀರಿ. ಎಂ416ರಲ್ಲಿ ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಇರುವುದು ಸುಮಾರು 0.086 ಸೆಕೆಂಡ್. ಅಂದರೆ ಬರಿ ಮೈಗೂ ಲೆವೆಲ್ 3ಕ್ಕೂ ಇರುವ ಅಂತರ ಎಲ್ಲಾ ಗುಂಡು ತಾಗಿದರೆ ಕಾಲು ಸೆಕೆಂಡ್. ಕಡಿಮೆ ಅನ್ನಿಸಬಹುದು. ಆದರೆ ಎದುರಾಳಿಯ ಸ್ಪ್ರೇಯಲ್ಲಿ, ಅಂದರೆ ಒಂದೇ ಸಮನೆ ಹಾರಿಸುವ ಗುಂಡುಗಳಲ್ಲಿ, ಎಲ್ಲವೂ ತಾಗುವುದಿಲ್ಲ. ಮೂರು ಗುಂಡು ಹೆಚ್ಚು ತಾಗಿಸಬೇಕು ಅಂದರೆ ಮಧ್ಯೆ ಎರಡು ಮೂರು ತಪ್ಪುತ್ತವೆ, ರಿಕಾಯಿಲ್ (ಗನ್‌ನ ಹಿಮ್ಮೆಟ್ಟು) ಏರುತ್ತದೆ, ಅಷ್ಟರಲ್ಲಿ ನೀವು ಗೋಡೆಯ ಹಿಂದೆ ಸರಿದಿರಬಹುದು.

ಅದೇ ಲೆಕ್ಕವನ್ನು ಎಕೆಎಂ ರೈಫಲ್‌ಗೆ, ಅಂದರೆ 47 ಡ್ಯಾಮೇಜ್‌ಗೆ ಹಾಕಿ ನೋಡಿ. ಲೆವೆಲ್ 1ರಲ್ಲಿ ಗುಂಡಿಗೆ 32.9; ಮೂರಕ್ಕೆ 98.7, ಕೂದಲೆಳೆಯಲ್ಲಿ ಬದುಕುತ್ತೀರಿ, ನಾಲ್ಕನೆಯದಕ್ಕೆ ಬೀಳುತ್ತೀರಿ. ಲೆವೆಲ್ 2ರಲ್ಲಿ 28.2, ಅಲ್ಲೂ ನಾಲ್ಕೇ. ಪೂರ್ತಿ ಹೆಲ್ತ್ ಇರುವಾಗ ಎಕೆಎಂ ಎದುರು ಈ ಎರಡು ವೆಸ್ಟ್‌ಗಳು ಗುಂಡಿನ ಎಣಿಕೆಯಲ್ಲಿ ಸಮ. ವ್ಯತ್ಯಾಸ ಹೊರಬರುವುದು ನಿಮಗೆ ಮೊದಲೇ ಒಂದು ಗೀರು ಬಿದ್ದಿದ್ದರೆ. ಹೆಲ್ತ್ 98ಕ್ಕೆ ಇಳಿದಿದ್ದರೂ ಸಾಕು, ಲೆವೆಲ್ 1 ಮೂರು ಗುಂಡಿಗೇ ಕೈಕೊಡುತ್ತದೆ, ಲೆವೆಲ್ 2 ಇನ್ನೂ ನಾಲ್ಕನೆಯದರವರೆಗೆ ತಾಳುತ್ತದೆ. ಲೆವೆಲ್ 2ರ ನಿಜವಾದ ಗುಣ ಇದು: ಸಣ್ಣಪುಟ್ಟ ಗಾಯಕ್ಕೆ ಅದರಲ್ಲಿ ಜಾಗ ಇದೆ. ಲೆವೆಲ್ 3 ಹಾಕಿದವನಿಗೆ ಎಕೆಎಂನಿಂದ ಐದು ಬೇಕು.

ಹೆಲ್ತ್ ವಿಚಾರ ಬಂತಲ್ಲ, ನನ್ನ ಪ್ರಕಾರ ಇಡೀ ವಿಷಯದ ತಿರುಳೇ ಇದು. ಫಸ್ಟ್ ಏಡ್ ಕಿಟ್ ಹೆಲ್ತನ್ನು 75ರವರೆಗೆ ಮಾತ್ರ ಏರಿಸುತ್ತದೆ, ಬ್ಯಾಂಡೇಜ್ ಕೂಡ ಅಲ್ಲಿಗೇ ನಿಲ್ಲುತ್ತದೆ. ತುಂಬಾ ಜನ ಅಲ್ಲಿಗೆ ಸಾಕು ಅಂತ ಮತ್ತೆ ಗುಂಡಿನ ಚಕಮಕಿಗೆ ಇಳಿಯುತ್ತಾರೆ. 75 ಹೆಲ್ತ್‌ನಲ್ಲಿ ಲೆವೆಲ್ 3 ವೆಸ್ಟ್ ಹಾಕಿದವನು ಎಂ416ರ ಐದನೇ ಗುಂಡಿಗೆ ಬೀಳುತ್ತಾನೆ. 100 ಹೆಲ್ತ್‌ನಲ್ಲಿ ಲೆವೆಲ್ 2 ಹಾಕಿದವನೂ ಬೀಳುವುದು ಐದನೆಯದಕ್ಕೇ. ಎಕೆಎಂಗೆ ಲೆಕ್ಕ ಹಾಕಿದರೂ ಇಬ್ಬರದೂ ನಾಲ್ಕು. ಅಂದರೆ ತುಂಬಿಸದೆ ಬಿಟ್ಟ ಆ 25 ಹೆಲ್ತ್ ನಿಮ್ಮ ವೆಸ್ಟನ್ನು ಒಂದು ಲೆವೆಲ್ ಕೆಳಗೆ ಇಳಿಸಿತು. ಲೆವೆಲ್ 3 ಹುಡುಕಿಕೊಂಡು ಮೂರು ಕಟ್ಟಡ ಸುತ್ತುವವರು ಬ್ಯಾಗಿನಲ್ಲಿರುವ ಎನರ್ಜಿ ಡ್ರಿಂಕ್ ಕುಡಿಯಲು ನಾಲ್ಕು ಸೆಕೆಂಡ್ ಕೊಡುವುದಿಲ್ಲ. ಡ್ರಿಂಕ್, ಪೇನ್‌ಕಿಲ್ಲರ್ ಎರಡೂ ಬೂಸ್ಟ್ ಪಟ್ಟಿಯನ್ನು ತುಂಬಿಸಿ, ನಿಧಾನಕ್ಕೆ ಹೆಲ್ತನ್ನು 75ರ ಆಚೆಗೂ ಒಯ್ಯುತ್ತವೆ. ಬೂಸ್ಟ್ ಪಟ್ಟಿಗೆ ಡ್ರಿಂಕ್‌ನಿಂದ 40, ಪೇನ್‌ಕಿಲ್ಲರ್‌ನಿಂದ 60. ಅದು ತಕ್ಷಣ ಆಗುವ ಕೆಲಸವಲ್ಲ, ಆದ್ದರಿಂದ ಜಗಳಕ್ಕೆ ಮುಂಚೆಯೇ ಕುಡಿದಿರಬೇಕು.

ಹೆಲ್ಮೆಟ್ ಕಥೆ ಬೇರೆ. ಅಲ್ಲಿ ಪ್ರಶ್ನೆ ಎಷ್ಟು ಗುಂಡು ಅನ್ನುವುದಕ್ಕಿಂತ ಒಂದೇ ಗುಂಡಿಗೆ ಹೋಗುತ್ತೀರಾ ಇಲ್ಲವಾ ಅನ್ನುವುದು. ಕಾರ್98ಕೆ ಸ್ನೈಪರ್ ರೈಫಲ್‌ನ ಡ್ಯಾಮೇಜ್ 79, ಬೋಲ್ಟ್ ಆಕ್ಷನ್ ಸ್ನೈಪರ್‌ಗಳಿಗೆ ತಲೆಯ ಏಟು 2.5 ಪಟ್ಟು. ಒಟ್ಟು 197.5. ಲೆವೆಲ್ 2 ಹೆಲ್ಮೆಟ್ ಇದನ್ನು 118.5ಕ್ಕೆ ಇಳಿಸುತ್ತದೆ. ಹೆಲ್ಮೆಟ್ ಹೊಸದಿದ್ದರೂ, ಹೆಲ್ತ್ ಪೂರ್ತಿ ಇದ್ದರೂ ಹತ್ತಿರದಿಂದ ಬಿದ್ದರೆ ಸಾವು. ಲೆವೆಲ್ 3 ಅದನ್ನು ಸುಮಾರು 89ಕ್ಕೆ ಇಳಿಸುತ್ತದೆ, ಬದುಕುತ್ತೀರಿ. ಬದುಕುವುದು ಮಾತ್ರ ಹೆಲ್ತ್ 90ರ ಆಸುಪಾಸಿನಲ್ಲೋ ಮೇಲೋ ಇದ್ದರೆ. ಫಸ್ಟ್ ಏಡ್ ಹಚ್ಚಿಕೊಂಡು 75ರಲ್ಲಿ ನಿಂತವನಿಗೆ ಕಾರ್98ಕೆ ಎದುರು ಲೆವೆಲ್ 3 ಹೆಲ್ಮೆಟ್ ಇದ್ದೂ ಇಲ್ಲದಂತೆಯೇ. ‘ಲೆವೆಲ್ 3 ಹಾಕಿದ್ದೆ, ಆದರೂ ಒಂದೇ ಏಟಿಗೆ ಹೋದೆ, ಗೇಮ್‌ನಲ್ಲಿ ಏನೋ ದೋಷ’ ಅನ್ನುವ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇಷ್ಟೇ. ಇನ್ನುಳಿದವಕ್ಕೆ ಕಾರಣ ಎಡಬ್ಲ್ಯೂಎಂ ಸ್ನೈಪರ್. ಅದರ 105ನ್ನು 2.5ರಿಂದ ಗುಣಿಸಿದರೆ 262.5, ಲೆವೆಲ್ 3 ಕಳೆದರೂ 118. ಅದಕ್ಕೆ ಯಾವ ಹೆಲ್ಮೆಟ್ಟೂ ಅಡ್ಡ ಬರುವುದಿಲ್ಲ.

ಅಸಾಲ್ಟ್ ರೈಫಲ್‌ಗಳಿಗೆ ತಲೆಯ ಏಟು ಸುಮಾರು 2.35 ಪಟ್ಟು. ಎಂ416ರ 40 ಡ್ಯಾಮೇಜ್‌ನ ಒಂದು ಗುಂಡು ತಲೆಗೆ ಬಿದ್ದರೆ 94. ಹೆಲ್ಮೆಟ್ ಇಲ್ಲದಿದ್ದರೂ ಎರಡು ಬೇಕು, ಲೆವೆಲ್ 1, 2 ಇದ್ದರೂ ಎರಡೇ, ಲೆವೆಲ್ 3ಕ್ಕೆ ಮಾತ್ರ ಮೂರು. ಹಾಗಂತ ಸಣ್ಣ ಹೆಲ್ಮೆಟ್ ವ್ಯರ್ಥ ಅಂತಲ್ಲ. ನಿಜವಾದ ಸ್ಪ್ರೇಯಲ್ಲಿ ಒಂದು ತಲೆಗೆ, ಉಳಿದವು ಮೈಗೆ ಬೀಳುತ್ತವೆ. ತಲೆಯ ಒಂದೇ ಏಟಿಗೆ 6 ಹೆಲ್ತ್ ಉಳಿಯುವುದಕ್ಕೂ, ಲೆವೆಲ್ 2ರಿಂದಾಗಿ 43 ಉಳಿಯುವುದಕ್ಕೂ ಬಹಳ ಅಂತರ. ಎಕೆಎಂ ಆದರೆ ಬರಿ ತಲೆಗೆ 110, ಒಂದೇ ಗುಂಡಿಗೆ ಆಟ ಮುಗಿಯುತ್ತದೆ. ಇಳಿದ ತಕ್ಷಣ ಕೈಗೆ ಗನ್ ಸಿಕ್ಕ ಮೇಲೆ ನಾನು ಮೊದಲು ಹುಡುಕುವುದು ಯಾವುದಾದರೂ ಒಂದು ಹೆಲ್ಮೆಟ್, ಬೈಕಿನದ್ದಾದರೂ ಸರಿ.

ಬಾಳಿಕೆಯ ಬಗ್ಗೆ ಇರುವ ತಪ್ಪು ತಿಳಿವಳಿಕೆ ಜಾಸ್ತಿ. ಅರ್ಧ ಸವೆದ ವೆಸ್ಟ್ ಅರ್ಧ ರಕ್ಷಣೆ ಕೊಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಬಾಳಿಕೆ ಸೊನ್ನೆ ಮುಟ್ಟುವವರೆಗೆ ಶೇಕಡಾವಾರು ರಕ್ಷಣೆ ಪೂರ್ತಿ ಇರುತ್ತದೆ. ಸೊನ್ನೆಗೆ ಬಂದ ಮೇಲೆ ಹೆಲ್ಮೆಟ್ ಹಾರಿಹೋಗುತ್ತದೆ. ವೆಸ್ಟ್ ಹೋಗುವುದಿಲ್ಲ, ಒಡೆದ ವೆಸ್ಟ್ ಆಗಿ ಮೈಮೇಲೆ ಉಳಿದು ಶೇಕಡಾ 20 ತಗ್ಗಿಸುತ್ತಲೇ ಇರುತ್ತದೆ. ಎಂ416ರ ಎದುರು ಆ 20 ಕೂಡ ಒಂದು ಗುಂಡಿನ ಬೆಲೆ ಬಾಳುತ್ತದೆ: ಗುಂಡಿಗೆ 32, ಮೂರಕ್ಕೆ 96, ನಾಲ್ಕನೆಯದಕ್ಕೆ ಸಾವು. ಆದ್ದರಿಂದ ಒಡೆದಿದ್ದನ್ನು ಬಿಚ್ಚಿ ಬಿಸಾಡಬೇಡಿ, ಬೇರೆ ಸಿಗುವವರೆಗೆ ಹಾಕಿಕೊಂಡೇ ಇರಿ. ವೆಸ್ಟ್‌ನಿಂದ ಸಾಮಾನು ಹೊರುವ ಜಾಗವೂ 50 ಹೆಚ್ಚುತ್ತದೆ, ಅದು ಹೆಚ್ಚುಕಡಿಮೆ 5.56 ಮಿ.ಮೀ.ಯ ನೂರು ಗುಂಡುಗಳಷ್ಟು.

ಹಾಗಾದರೆ ಸವೆದ ಲೆವೆಲ್ 3 ಮೇಲೋ, ಹೊಸ ಲೆವೆಲ್ 2 ಮೇಲೋ? ಹೆಲ್ಮೆಟ್ ಆದರೆ ಎರಡು ಮಾತಿಲ್ಲ, ಒಂದು ಎಳೆ ಬಾಳಿಕೆ ಉಳಿದಿದ್ದರೂ ಲೆವೆಲ್ 3 ಹಾಕಿಕೊಳ್ಳಿ. ಕಾರ್98ಕೆಯ ಆ ಒಂದು ಏಟನ್ನು ತಡೆದು ಒಡೆದರೆ ಅದರ ಕೆಲಸ ಆಯಿತು. ಹೊಸ ಲೆವೆಲ್ 2 ಆ ಏಟನ್ನು ತಡೆಯುವುದೇ ಇಲ್ಲ. ಕೊನೆಯ ಸರ್ಕಲ್ (ಆಟದ ಕೊನೆಗೆ ಉಳಿಯುವ ಸುರಕ್ಷಿತ ವಲಯ) ಮನೆಗಳ ನಡುವೆ ಬಿದ್ದು ಸ್ನೈಪರ್ ಭಯ ಇಲ್ಲದಿದ್ದಾಗ ಮಾತ್ರ ಇದು ತಿರುಗಬಹುದು. ವೆಸ್ಟ್‌ನಲ್ಲಿ ತುಸು ಯೋಚಿಸಬೇಕು. ಹೊಸ ವೆಸ್ಟ್, ಯಾವ ಲೆವೆಲ್ ಆದರೂ, ಒಂದೇ ಜಗಳದಲ್ಲಿ ಒಡೆಯುವುದು ಅಪರೂಪ. ಅದು ಒಡೆಯುವ ಮೊದಲು ನೀವೇ ಬಿದ್ದಿರುತ್ತೀರಿ. ಬಾಳಿಕೆಗೆ ಬೆಲೆ ಬರುವುದು ಏಟು ತಿಂದು, ಚಿಕಿತ್ಸೆ ಮಾಡಿಕೊಂಡು, ಎರಡನೇ ಮೂರನೇ ಜಗಳಕ್ಕೆ ಇಳಿದಾಗ. ಲೆವೆಲ್ 3ರಲ್ಲಿ ಅರ್ಧದಷ್ಟು ಉಳಿದಿದ್ದರೆ ನಾನು ಬದಲಿಸುವುದಿಲ್ಲ. ಕಾಲು ಭಾಗಕ್ಕಿಂತ ಕೆಳಗಿಳಿದಿದ್ದರೆ ಒಂದೆರಡು ಗುಂಡಿಗೆ ಅದು ಶೇಕಡಾ 20ಕ್ಕೆ ಕುಸಿಯುತ್ತದೆ, ಆಗ ಹೊಸ ಲೆವೆಲ್ 2 ಒಳ್ಳೆಯದು.

ವೆಸ್ಟ್ ಕಾಯುವುದು ಮುಂಡವನ್ನು ಮಾತ್ರ, ಕೈಕಾಲಿಗೆ ಯಾವ ಲೆವೆಲ್‌ನಲ್ಲೂ ರಕ್ಷಣೆ ಇಲ್ಲ. ಬ್ಲೂ ಝೋನ್ (ಸುರಕ್ಷಿತ ವಲಯದ ಹೊರಗೆ ಹೆಲ್ತ್ ಇಳಿಸುವ ಜಾಗ), ಎತ್ತರದಿಂದ ಬೀಳುವುದು ಇವಕ್ಕೂ ವೆಸ್ಟ್ ಲೆಕ್ಕಕ್ಕಿಲ್ಲ. ಹಿಂಬದಿಗೆ ನೇತುಹಾಕಿದ ಬಾಣಲೆಯ ಸಂಗತಿ ಗೊತ್ತಿರಲಿ: ಅದಕ್ಕೆ ತಾಗಿದ ಗುಂಡು ಒಳಗೆ ಹೋಗುವುದಿಲ್ಲ, ಅದು ಸವೆಯುವುದೂ ಇಲ್ಲ. ಮೆಲೀ ಜಾಗ, ಅಂದರೆ ಕೈಯಿಂದ ಹೊಡೆಯುವ ಆಯುಧದ ಜಾಗ, ಖಾಲಿ ಇದ್ದರೆ ಎತ್ತಿಕೊಳ್ಳದಿರಲು ಕಾರಣವೇ ಇಲ್ಲ.

ಇನ್ನು ಎಲ್ಲರೂ ಸಾಯುವ ಜಾಗ, ಬಯಲಲ್ಲಿ ಬಿದ್ದ ಎದುರಾಳಿಯ ಕ್ರೇಟ್, ಅಂದರೆ ಸತ್ತವನ ಸಾಮಾನಿರುವ ಪೆಟ್ಟಿಗೆ. ಅದರಲ್ಲಿ ಲೆವೆಲ್ 3 ಇದೆ ಅಂತ ಗೊತ್ತಿದ್ದರೂ ನೇರ ಓಡಬೇಡಿ. ಮೊದಲು ಹೆಲ್ತ್ ತುಂಬಿಸಿ, ರೀಲೋಡ್ ಮಾಡಿ. ಸ್ಮೋಕ್ ಗ್ರೆನೇಡನ್ನು ಕ್ರೇಟ್ ಮೇಲೆ ಹಾಕುವುದಕ್ಕಿಂತ ಕ್ರೇಟಿಗೂ ಗುಂಡು ಬರಬಹುದಾದ ದಿಕ್ಕಿಗೂ ನಡುವೆ ಹಾಕಿ, ಹೊಗೆ ದಟ್ಟವಾಗುವವರೆಗೆ ಕಾಯಿರಿ. ಎಸೆದ ತಕ್ಷಣ ಓಡಿದರೆ ಹೊಗೆ ಏಳುವ ಮೊದಲೇ ಸಿಕ್ಕಿಬೀಳುತ್ತೀರಿ. ಕ್ರೇಟ್ ತೆರೆದಾಗ ಹೆಲ್ಮೆಟ್, ವೆಸ್ಟ್ ಎರಡನ್ನು ಮಾತ್ರ ರೈಟ್ ಕ್ಲಿಕ್ ಮಾಡಿ, ಹೊರಡಿ. ಸ್ಕೋಪ್, ಮ್ಯಾಗಜಿನ್ ಅಂತ ಪಟ್ಟಿ ಕೆಳಗೆಳೆಯುತ್ತ ಕೂತರೆ ಹಾಕಿಕೊಂಡ ಹೊಸ ಹೆಲ್ಮೆಟ್ ಅಲ್ಲೇ ಒಡೆಯುತ್ತದೆ. ಒಂದು ವಿಷಯ ನೆನಪಿಡಿ, ಸತ್ತವನ ಮೈಮೇಲಿದ್ದ ರಕ್ಷಣೆ ಏಟು ತಿಂದಿರುತ್ತದೆ. ಅವನ ತಲೆಗೆ ಹೊಡೆದು ಬೀಳಿಸಿದ್ದರೆ ಹೆಲ್ಮೆಟ್ ಸವೆದಿರುತ್ತದೆ ಅಥವಾ ಇರುವುದೇ ಇಲ್ಲ, ವೆಸ್ಟ್ ಚೆನ್ನಾಗಿರುವ ಸಾಧ್ಯತೆ ಹೆಚ್ಚು. ಮೈಗೆ ಹೊಡೆದಿದ್ದರೆ ಉಲ್ಟಾ. ಹೇಗೆ ಕೊಂದಿರಿ ಅನ್ನುವುದರಿಂದಲೇ ಆ ಓಟಕ್ಕೆ ಬೆಲೆ ಇದೆಯೇ ಅಂತ ಊಹಿಸಬಹುದು.

ಈ ಲೆಕ್ಕವನ್ನು ಬೇರೆ ಗೇಮ್‌ಗಳಿಗೆ ಹೊತ್ತೊಯ್ಯಬೇಡಿ. ವಾರ್‌ಝೋನ್‌ನಲ್ಲಿ ಪ್ಲೇಟ್‌ಗಳು ಹೆಲ್ತ್ ಮೇಲೆ ಸೇರುವ ಇನ್ನೊಂದು ಪದರ, ಏಪೆಕ್ಸ್‌ನ ಶೀಲ್ಡೂ ಹಾಗೆಯೇ. ಅಲ್ಲಿ ಶೇಕಡಾವಾರು ಇಲ್ಲ, ಕೂಡುವುದಷ್ಟೇ. ಎಸ್ಕೇಪ್ ಫ್ರಮ್ ಟಾರ್ಕೋವ್‌ನಲ್ಲಿ ಎದುರಾಳಿಯ ಮದ್ದುಗುಂಡು ಯಾವುದು, ಅದರ ಭೇದಿಸುವ ಶಕ್ತಿ ನಿಮ್ಮ ಆರ್ಮರ್ ಕ್ಲಾಸನ್ನು ಮೀರುತ್ತದೆಯೇ ಅನ್ನುವುದೇ ಮುಖ್ಯ.

ಸ್ಕ್ವಾಡ್‌ನಲ್ಲಿ ಒಂದೇ ಒಂದು ಲೆವೆಲ್ 3 ಸಿಕ್ಕಾಗ ಮೊದಲು ಕಂಡವನಿಗೆ ಅನ್ನುವ ರೂಢಿ ಇದೆ, ನನಗದು ಒಪ್ಪಿಗೆಯಿಲ್ಲ. ವೆಸ್ಟ್ ಮನೆಯೊಳಗೆ ಮೊದಲು ನುಗ್ಗುವವನಿಗೆ ಹೋಗಬೇಕು. ಅವನು ತಿನ್ನುವುದು ಹತ್ತಿರದ ಸ್ಪ್ರೇ, ಅವನಿಗೆ ಆ ಒಂದೆರಡು ಹೆಚ್ಚಿನ ಗುಂಡು ಬೇಕು. ಹೆಲ್ಮೆಟ್ ಸ್ಕೋಪ್ ಹಿಡಿದು ಗುಡ್ಡದ ಅಂಚಿನಲ್ಲಿ ತಲೆಯಷ್ಟೇ ತೋರಿಸುವವನಿಗೆ. ಕೊಡುವವನು ತನ್ನದನ್ನು ನೆಲಕ್ಕೆ ಹಾಕುವ ಮುಂಚೆ ಇಬ್ಬರೂ ಗೋಡೆಯ ಹಿಂದಿರಬೇಕು, ಮೂರನೆಯವನು ಕಾವಲಿಗೆ ನಿಲ್ಲಬೇಕು.